ಆಹಾರ ಕಾರ್ಖಾನೆಯಲ್ಲಿ ಸುಧಾರಣೆಯ ಉದ್ಯೋಗ: ರೈತರ ಮಕ್ಕಳಿಗೆ ಒಪ್ಪುವ ದಾರಿ



ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮೇಲೆ ನಮ್ಮ ಹಳ್ಳಿಗಳ ಮನೆ ಮನೆಯಲ್ಲೂ ಒಂದೇ ಪ್ರಶ್ನೆ ಏಳುತ್ತದೆ. ಇರುವ ನಾಲ್ಕು ಎಕರೆಯಲ್ಲಿ ಮಕ್ಕಳೆಲ್ಲರೂ ಬಾಳಲಾರರು. ಒಬ್ಬನೋ ಒಬ್ಬಳೋ ಹೊರಗೆ ದುಡಿಯಲೇಬೇಕು. ಎಲ್ಲಿ, ಏನು ಕೆಲಸ? ಹತ್ತಿರದಲ್ಲಿ ಒಂದು ಹಾಲಿನ ಡೇರಿಯೋ, ಸಕ್ಕರೆ ಕಾರ್ಖಾನೆಯೋ, ಹಿಟ್ಟಿನ ಗಿರಣಿಯೋ, ಹಣ್ಣು ತರಕಾರಿ ಸಂಸ್ಕರಣೆಯ ಘಟಕವೋ ಇದ್ದರೆ ನಾವು ಎರಡೇ ಬಗೆಯ ಕೆಲಸವನ್ನು ಕಲ್ಪಿಸಿಕೊಳ್ಳುತ್ತೇವೆ. ಒಂದು, ಯಂತ್ರದ ಮುಂದೆ ನಿಂತು ಪಾಳಿ ಮುಗಿಸುವುದು. ಇನ್ನೊಂದು, ಕಚೇರಿಯಲ್ಲಿ ಕುರ್ಚಿ ಹಿಡಿದು ಕೂರುವುದು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದರ ಹೆಸರು ನಿರಂತರ ಸುಧಾರಣೆ. ಕಾರ್ಖಾನೆಯೊಳಗೆ ನಡೆಯುವ ಕೆಲಸವನ್ನು ದಿನದಿನವೂ ಗಮನಿಸಿ, ಅಳೆದು, ನಷ್ಟ ಎಲ್ಲಿ ಸೋರುತ್ತಿದೆ ಎಂದು ಹುಡುಕಿ, ಸ್ವಲ್ಪ ಸ್ವಲ್ಪವಾಗಿ ಮೇಲ್ಮಟ್ಟಕ್ಕೆ ತರುವ ಉದ್ಯೋಗವಿದು. ಈ ದಾರಿ ರೈತರ ಮಕ್ಕಳಿಗೆ ಬೇರಾರಿಗಿಂತಲೂ ಚೆನ್ನಾಗಿ ಒಪ್ಪುತ್ತದೆ ಎಂಬುದು ಈ ಲೇಖನದ ವಾದ. ಹಾಗೆಯೇ ಈ ದಾರಿಯಲ್ಲಿರುವ ಮುಳ್ಳುಗಳನ್ನೂ ಮುಚ್ಚಿಡದೆ ಹೇಳಬೇಕಾಗಿದೆ.

ಏನಿದು ನಿರಂತರ ಸುಧಾರಣೆ?

ಹೆಸರು ಹೊಸದಾಗಿ ಕೇಳಿಸಬಹುದು. ವಿಷಯ ನಿಮಗೆ ಹೊಸದಲ್ಲ. ಹೊಸ ತಳಿಯ ರಾಗಿ ಬಂದಾಗ ಬುದ್ಧಿವಂತ ರೈತನು ಹೊಲವನ್ನೆಲ್ಲ ಅದಕ್ಕೇ ಕೊಡುವುದಿಲ್ಲ. ಒಂದು ಮೂಲೆಯಲ್ಲಿ ನಾಲ್ಕು ಗುಂಟೆ ಬಿತ್ತಿ ನೋಡುತ್ತಾನೆ. ಪಕ್ಕದಲ್ಲಿ ಹಳೆಯ ತಳಿಯೂ ಇರುತ್ತದೆ. ಎರಡನ್ನೂ ಬೇರೆ ಬೇರೆ ಒಕ್ಕಿ ಅಳೆಯುತ್ತಾನೆ. ಲಾಭ ಕಂಡರೆ ಮುಂದಿನ ವರ್ಷ ವಿಸ್ತರಿಸುತ್ತಾನೆ, ಕಾಣದಿದ್ದರೆ ಬಿಡುತ್ತಾನೆ. ಕಾರ್ಖಾನೆಯಲ್ಲೂ ಮಾಡಬೇಕಾದುದು ಇಷ್ಟೇ. ಮೊದಲು ಯೋಜನೆ, ಆಮೇಲೆ ಚಿಕ್ಕ ಪ್ರಮಾಣದಲ್ಲಿ ಪ್ರಯೋಗ, ಅನಂತರ ಅಳತೆ ಮಾಡಿ ಪರಿಶೀಲನೆ, ಕೊನೆಗೆ ಫಲ ಕಂಡುದನ್ನು ನಿತ್ಯದ ನಿಯಮವಾಗಿ ಅಳವಡಿಸುವುದು. ಈ ನಾಲ್ಕು ಹೆಜ್ಜೆಗಳು ಮುಗಿದ ಮೇಲೆ ಮತ್ತೆ ಮೊದಲ ಹೆಜ್ಜೆಯಿಂದ ಆರಂಭ. ಗಾಣದ ಎತ್ತಿನಂತೆ ಇದಕ್ಕೆ ಕೊನೆಯಿಲ್ಲ. ಆದರೆ ಪ್ರತಿ ಸುತ್ತಿಗೂ ಒಂದಿಷ್ಟು ಎಣ್ಣೆ ಇಳಿಯುತ್ತದೆ.

ಜಪಾನೀಯರು ಇದನ್ನು ಕೈಜನ್ ಎನ್ನುತ್ತಾರೆ. ಮಸಾಕಿ ಇಮಾಯ್ ಎಂಬುವರು 1986ರಲ್ಲಿ ಇದೇ ಹೆಸರಿನ ಪುಸ್ತಕ ಬರೆದ ಮೇಲೆ ಆ ಪದ ಜಗತ್ತಿನಲ್ಲೆಲ್ಲ ಹರಡಿತು. ಕೋಟಿ ರೂಪಾಯಿಯ ಹೊಸ ಯಂತ್ರ ತಂದು ನಿಲ್ಲಿಸುವುದು ಸುಧಾರಣೆಯ ಒಂದು ಬಗೆ. ಅದಕ್ಕೆ ಹಣ ಬೇಕು. ಇರುವ ಯಂತ್ರದಿಂದಲೇ, ಇರುವ ಜನರಿಂದಲೇ ಇನ್ನೂ ಒಳ್ಳೆಯ ಕೆಲಸ ಪಡೆಯುವುದು ಇನ್ನೊಂದು ಬಗೆ. ಅದಕ್ಕೆ ಕಣ್ಣು, ತಾಳ್ಮೆ ಮತ್ತು ಪ್ರಾಮಾಣಿಕವಾದ ಲೆಕ್ಕ ಬೇಕು. ‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ನಮ್ಮ ಗಾದೆ ಈ ಎರಡನೆಯ ಬಗೆಗೆ ಸರಿಯಾಗಿ ಹೊಂದುತ್ತದೆ.

ಈ ವಿದ್ಯೆ ಹುಟ್ಟಿದ್ದೇ ಹೊಲದಲ್ಲಿ

ಕಾರ್ಖಾನೆಯ ವಿದ್ಯೆ ಪಟ್ಟಣದವರದು, ನಮಗೆ ದೂರದ್ದು ಎಂದು ಹಿಂಜರಿಯುವವರಿದ್ದಾರೆ. ಚರಿತ್ರೆ ಬೇರೆಯೇ ಹೇಳುತ್ತದೆ. ವಿಲಿಯಂ ಗಾಸೆಟ್ ಎಂಬ ರಸಾಯನಶಾಸ್ತ್ರದ ಪದವೀಧರ 1899ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. ಬಾರ್ಲಿಯೇ ಆ ಕಾರ್ಖಾನೆಯ ಮೂಲ ಸರಕು. ಯಾವ ತಳಿಯ ಬಾರ್ಲಿ ಒಳ್ಳೆಯದು, ಯಾವ ಊರಿನ ಬೆಳೆ ಹೆಚ್ಚು ಹೊಂದುತ್ತದೆ ಎಂದು ತಿಳಿಯಲು ಅವರಿಗೆ ಸಿಗುತ್ತಿದ್ದುದು ನಾಲ್ಕಾರು ತಾಕುಗಳ ಅಂಕಿ ಮಾತ್ರ. ಇಷ್ಟು ಕಡಿಮೆ ಅಂಕಿಗಳಿಂದ ನಂಬಬಹುದಾದ ತೀರ್ಮಾನಕ್ಕೆ ಬರುವುದು ಹೇಗೆ? ಕಂಡ ವ್ಯತ್ಯಾಸ ತಳಿಯ ಗುಣವೋ, ಬರೀ ಆಕಸ್ಮಿಕವೋ? ಈ ಪ್ರಶ್ನೆಗೆ ಅವರು ಕಂಡ ಉತ್ತರ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಅಚ್ಚಾಯಿತು. ಇಂದಿಗೂ ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಎರಡು ತಳಿಗಳನ್ನು ಹೋಲಿಸುವಾಗ ಬಳಸುವ ‘ಟಿ’ ಪರೀಕ್ಷೆ ಅದೇ. ಗಾಸೆಟ್ ಅದೇ ಕಂಪನಿಯಲ್ಲಿ ದುಡಿಯುತ್ತ 1937ರಲ್ಲಿ ಅದರ ಮುಖ್ಯ ಬ್ರೂವರ್ ಹುದ್ದೆಗೆ ಏರಿದರು. ಅದೇ ವರ್ಷ ತೀರಿಕೊಂಡರು. ಆಹಾರ ಪಾನೀಯಗಳ ಕಾರ್ಖಾನೆಯಲ್ಲಿ ಸುಧಾರಣೆಯನ್ನೇ ಜೀವಮಾನದ ಉದ್ಯೋಗ ಮಾಡಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮುಂದಿನ ಕೊಂಡಿಯೂ ಹೊಲದ್ದೇ. ರೊನಾಲ್ಡ್ ಫಿಶರ್ 1919ರಿಂದ 1933ರ ವರೆಗೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದರು. ತಾಕುಗಳನ್ನು ಚೀಟಿ ಎತ್ತಿದಂತೆ ಹಂಚಿ, ಪ್ರಯೋಗವನ್ನು ಹಲವು ಬಾರಿ ಪುನರಾವರ್ತಿಸುವ ಕ್ರಮವನ್ನು ಅವರು ರೂಪಿಸಿದ್ದು ಅಲ್ಲಿಯೇ. ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ 1936ರಲ್ಲಿ ಲಂಡನ್ನಿಗೆ ಹೋಗಿ ಫಿಶರರ ಬಳಿ ಅಭ್ಯಾಸ ಮಾಡಿದರು. ಇದೇ ಡೆಮಿಂಗ್ 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೂ ಕಾರ್ಖಾನೆಗಳ ಮುಖ್ಯಸ್ಥರಿಗೂ ಗುಣಮಟ್ಟದ ಪಾಠ ಹೇಳಿದರು. ಯುದ್ಧದಲ್ಲಿ ಸೋತು ನೆಲಕಚ್ಚಿದ್ದ ಆ ದೇಶದ ಸರಕು ಮುಂದೆ ಜಗತ್ತಿಗೇ ಮಾದರಿಯಾದುದರಲ್ಲಿ ಆ ಪಾಠದ ಪಾಲೂ ಇದೆ. ಬಾರ್ಲಿಯ ತಾಕಿನಿಂದ ಹೊರಟ ವಿದ್ಯೆ ಕಾರ್ಖಾನೆಗಳನ್ನು ಸುತ್ತಿ ಈಗ ನಮ್ಮ ಬಾಗಿಲಿಗೆ ಬಂದಿದೆ. ಅದನ್ನು ಕಂಡು ನಾವು ಅಪರಿಚಿತರಂತೆ ನಿಲ್ಲಬೇಕಾಗಿಲ್ಲ.

ಒಳಗೆ ನಡೆಯುವ ಕೆಲಸ ಎಂಥದ್ದು?

ಬರೀ ತತ್ತ್ವ ಹೇಳಿದರೆ ಹೊಟ್ಟೆ ತುಂಬದು. ನಿಮಗೆ ಪರಿಚಯವಿರುವ ಸರಕುಗಳಿಂದಲೇ ಕೆಲವು ಉದಾಹರಣೆ ನೋಡೋಣ.

ಮೊದಲನೆಯದು ಸಕ್ಕರೆ. ಕಬ್ಬಿನಲ್ಲಿರುವ ಸಕ್ಕರೆಯೆಲ್ಲ ಚೀಲಕ್ಕೆ ಬರುವುದಿಲ್ಲ. ಒಂದಷ್ಟು ಸಿಪ್ಪೆಯಲ್ಲಿ, ಒಂದಷ್ಟು ಮಡ್ಡಿಯಲ್ಲಿ, ಹೆಚ್ಚಿನ ಪಾಲು ಕಾಕಂಬಿಯಲ್ಲಿ ಹೋಗುತ್ತದೆ. ಇವು ಮೂರನ್ನೂ ಪ್ರಯೋಗಾಲಯದಲ್ಲಿ ಅಳೆಯಬಹುದು. ನಾಲ್ಕನೆಯದು ಲೆಕ್ಕಕ್ಕೆ ಸಿಗದ ನಷ್ಟ. ರಸ ಚೆಲ್ಲಿದ್ದು, ಕೊಳವೆ ಸೋರಿದ್ದು, ಗಾಣದ ಮೂಲೆಗಳಲ್ಲಿ ಲೋಳೆಗಟ್ಟಿದ ಸೂಕ್ಷ್ಮಜೀವಿಗಳು ತಿಂದದ್ದು, ಹುಳಿ ರಸವನ್ನು ಹೆಚ್ಚು ಹೊತ್ತು ಬಿಸಿಯಲ್ಲಿ ನಿಲ್ಲಿಸಿದಾಗ ಸಕ್ಕರೆ ಒಡೆದುಹೋದದ್ದು, ಕೊನೆಗೆ ಅಳತೆಯ ತಪ್ಪು ಕೂಡ ಇದರಲ್ಲಿ ಸೇರುತ್ತದೆ. ಸುಧಾರಣೆಯ ಕೆಲಸಗಾರನು ಈ ನಾಲ್ಕೂ ದಾರಿಗಳ ಬಳಿ ಕಾವಲು ಕೂರುತ್ತಾನೆ. ಗಾಣಗಳನ್ನು ಎಷ್ಟು ಗಂಟೆಗೊಮ್ಮೆ ತೊಳೆದರೆ ಲೋಳೆ ಕಟ್ಟುವುದಿಲ್ಲ? ಸಿಪ್ಪೆಗೆ ಎಷ್ಟು ನೀರು ಹನಿಸಿದರೆ ಉಳಿದ ಸಕ್ಕರೆ ಬಿಟ್ಟುಕೊಡುತ್ತದೆ, ಹೆಚ್ಚು ಹನಿಸಿದರೆ ಆವಿ ಮಾಡಲು ಎಷ್ಟು ಉರುವಲು ಖರ್ಚಾಗುತ್ತದೆ? ಅವನ ಪ್ರಶ್ನೆಗಳು ಇಂಥವು.

ಇದರ ಬೆಲೆಯೇನು? ದಿನಕ್ಕೆ 5000 ಟನ್ ಅರೆಯುವ ಕಾರ್ಖಾನೆಯಲ್ಲಿ ಇಳುವರಿ ಶೇ. 0.1ರಷ್ಟು ಏರಿದರೆ ದಿನಕ್ಕೆ 5 ಟನ್, ಎಂದರೆ 50 ಕ್ವಿಂಟಾಲ್ ಸಕ್ಕರೆ ಹೆಚ್ಚು. 120 ದಿನ ಗಾಣ ತಿರುಗಿದರೆ 600 ಟನ್. ನಿಮಗೇನು ಸಿಕ್ಕಿತು ಎನ್ನುವಿರಾ? ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಗೊತ್ತುಮಾಡಿದ ಬೆಲೆ ಶೇ. 10.25 ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಅದಕ್ಕಿಂತ ಮೇಲಿನ ಪ್ರತಿ ಶೇ. 0.1 ಇಳುವರಿಗೆ ಕ್ವಿಂಟಾಲಿಗೆ 3.46 ರೂಪಾಯಿ ಹೆಚ್ಚು. ನೂರು ಟನ್ ಕಬ್ಬು ಕೊಡುವ ರೈತನಿಗೆ ಇದು 3460 ರೂಪಾಯಿಯ ಮಾತು. ಇಳುವರಿಯಲ್ಲಿ ಅರ್ಧ ಪಾಲು ನಿಮ್ಮ ಹೊಲದ್ದು ಎಂಬುದನ್ನೂ ಮರೆಯಬಾರದು. ಕಡಿದ ಕಬ್ಬು ಗದ್ದೆಯಲ್ಲೋ ಗಾಡಿಯಲ್ಲೋ ಒಣಗುತ್ತ ನಿಂತರೆ ತೂಕವೂ ಹೋಗುತ್ತದೆ, ಸಕ್ಕರೆಯೂ ಹೋಗುತ್ತದೆ. ಕಟಾವಿನ ಸರದಿಯನ್ನು ಗಾಣದ ವೇಗಕ್ಕೆ ಹೊಂದಿಸಿ ಗಾಡಿಗಳ ಸಾಲು ಕರಗಿಸುವುದು ಸಹ ಸುಧಾರಣೆಯ ಕೆಲಸವೇ. ಆ ಸಾಲಿನಲ್ಲಿ ರಾತ್ರಿ ಕಳೆದ ಮನೆಯ ಮಗನಿಗೆ ಅದರ ತುರ್ತು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಎರಡನೆಯದು ರಾಗಿ ಹಿಟ್ಟಿನ ಪೊಟ್ಟಣ. ಒಂದು ಕಿಲೋ ಎಂದು ಅಚ್ಚು ಹಾಕಿದ ಪೊಟ್ಟಣ ತೂಗಿದರೆ ಒಂದು 995 ಗ್ರಾಂ, ಇನ್ನೊಂದು 1025 ಗ್ರಾಂ ಬರುತ್ತದೆ ಎಂದಿಟ್ಟುಕೊಳ್ಳಿ. ಸರಾಸರಿ 1010. ದಿನಕ್ಕೆ 10,000 ಪೊಟ್ಟಣವಾದರೆ 100 ಕಿಲೋ ಹಿಟ್ಟು ಬಿಟ್ಟಿ ಹೋಗುತ್ತದೆ. 300 ದಿನಕ್ಕೆ 30 ಟನ್. ‘ಹಾಗಾದರೆ ಯಂತ್ರವನ್ನು ಹತ್ತು ಗ್ರಾಂ ಇಳಿಸಿಬಿಡಿ’ ಎನ್ನುವುದು ಆತುರದ ಬುದ್ಧಿ. ಇಳಿಸಿದರೆ ಎಷ್ಟೋ ಪೊಟ್ಟಣಗಳು 985ಕ್ಕೆ ಬಂದು ನಿಲ್ಲುತ್ತವೆ. ಗ್ರಾಹಕನಿಗೆ ಮೋಸವಾಗುತ್ತದೆ. ಒಂದೊಂದು ಪೊಟ್ಟಣದ ಕೊರತೆಗೆ ಕಾನೂನು ಮಿತಿ ಹಾಕಿದೆ, ಸರಾಸರಿಯೂ ಬರೆದ ತೂಕಕ್ಕಿಂತ ಕಡಿಮೆ ಇರುವಂತಿಲ್ಲ. ಇಲ್ಲಿ ರೋಗ ಸರಾಸರಿಯದ್ದಲ್ಲ, ಏರುಪೇರಿನದು. ಏರುಪೇರು ಏಕೆ? ಮೇಲಿನ ಬಾನಿ ತುಂಬಿದಾಗ ಹಿಟ್ಟು ತನ್ನ ಭಾರಕ್ಕೇ ಒತ್ತಿಕೊಂಡು ಗಟ್ಟಿಯಾಗುತ್ತದೆ, ತೂಕ ಹೆಚ್ಚು ಬೀಳುತ್ತದೆ. ಬಾನಿ ತಳ ಮುಟ್ಟುವಾಗ ಹಿಟ್ಟು ಸಡಿಲ, ತೂಕ ಕಡಿಮೆ. ಬಾನಿಯ ಒಳಗೆ ಎರಡು ಗೆರೆ ಎಳೆದು, ಹಿಟ್ಟಿನ ಮಟ್ಟ ಸದಾ ಆ ಗೆರೆಗಳ ನಡುವೆ ಇರುವಂತೆ ಸ್ವಲ್ಪ ಸ್ವಲ್ಪವೇ ತುಂಬಿದರೆ ಏರುಪೇರು ತಗ್ಗುತ್ತದೆ. ಆಮೇಲೆ ಧೈರ್ಯವಾಗಿ ಸರಾಸರಿಯನ್ನು ಇಳಿಸಬಹುದು. ಖರ್ಚು ಒಂದು ಡಬ್ಬಿ ಬಣ್ಣ. ಈ ಕ್ರಮ ಚೆನ್ನಾಗಿ ನೆನಪಿಡಿ: ಮೊದಲು ಏರುಪೇರು ತಗ್ಗಿಸಬೇಕು, ಆಮೇಲೆ ಮಟ್ಟ ಬದಲಿಸಬೇಕು. ಈ ಉದ್ಯೋಗದ ಅರ್ಧ ವಿದ್ಯೆ ಇದರಲ್ಲೇ ಅಡಗಿದೆ.

ಮೂರನೆಯದು ಹಾಲು. ಒಂದು ದಾರಿಯ ಹಾಲು ಪದೇ ಪದೇ ಹುಳಿಯಾಗಿ ಬರುತ್ತಿದೆ ಎನ್ನೋಣ. ಸುಲಭದ ಉಪಾಯ ಸಂಘದ ಕಾರ್ಯದರ್ಶಿಯನ್ನು ಬೈಯುವುದು. ಸುಧಾರಣೆಯವರು ಬೈಯದೆ ‘ಏಕೆ’ ಎಂದು ಐದು ಸಲ ಕೇಳುತ್ತಾರೆ. ಹಾಲು ಏಕೆ ಹುಳಿಯಿತು? ಬೇಗ ತಣ್ಣಗಾಗಲಿಲ್ಲ. ಏಕೆ ತಣ್ಣಗಾಗಲಿಲ್ಲ? ಶೀತಲ ತೊಟ್ಟಿಯ ಯಂತ್ರ ನಿಧಾನವಾಗಿ ಕೆಲಸ ಮಾಡುತ್ತಿದೆ. ಅದು ಏಕೆ ನಿಧಾನ? ಬಿಸಿ ಹೊರಹಾಕುವ ರೆಕ್ಕೆಗಳಿಗೆ ದೂಳು ಮೆತ್ತಿದೆ. ದೂಳು ಏಕೆ ಉಳಿಯಿತು? ಯಾರೂ ಒರೆಸಿಲ್ಲ. ಏಕೆ ಒರೆಸಿಲ್ಲ? ಅದು ಇಂಥವರ ಕೆಲಸ ಎಂದು ಯಾರಿಗೂ ಹೇಳಿಲ್ಲ. ವಾರಕ್ಕೊಮ್ಮೆ ಬ್ರಷ್ ಆಡಿಸಬೇಕು ಎಂಬ ಒಂದು ಸಾಲಿನ ನಿಯಮ, ಅದರ ಕೆಳಗೆ ಒಬ್ಬರ ಹೆಸರು. ಇಷ್ಟರಿಂದ ಒಂದು ಊರಿನ ಹಾಲು ಉಳಿಯುತ್ತದೆ. ಮೂಲ ಕಾರಣ ಸಾಮಾನ್ಯವಾಗಿ ಮನುಷ್ಯನ ಕೆಟ್ಟತನವಲ್ಲ, ವ್ಯವಸ್ಥೆಯ ಕೊರತೆ ಎಂಬುದೇ ಈ ಪ್ರಶ್ನೆಗಳ ಪಾಠ.

ಟೊಮೇಟೊ ಬೆಳೆಗಾರರಿಗೂ ಒಂದು ಮಾತು. ರಸದಲ್ಲಿ ಕರಗಿದ ಘನಾಂಶ ಶೇ. 5 ಇರುವ ಹಣ್ಣಿನಿಂದ ಶೇ. 28ರ ಗಟ್ಟಿ ಪೇಸ್ಟ್ ಒಂದು ಕಿಲೋ ಮಾಡಲು 5.6 ಕಿಲೋ ರಸ ಬೇಕು. ಘನಾಂಶ ಶೇ. 4 ಆದರೆ 7 ಕಿಲೋ ಬೇಕು. ಹೆಚ್ಚಿನ ನೀರನ್ನೆಲ್ಲ ಆವಿ ಮಾಡಲು ಉರುವಲು ಸುಡಬೇಕು. ತಳಿಯ ಆಯ್ಕೆ, ಕೊಯ್ಲಿಗೆ ಮುನ್ನ ನೀರು ನಿಲ್ಲಿಸುವ ದಿನ, ಇವು ಹೊಲದಲ್ಲೇ ಕಾರ್ಖಾನೆಯ ಖರ್ಚನ್ನು ಗೊತ್ತುಮಾಡಿಬಿಡುತ್ತವೆ. ಗೋಡೆಯ ಎರಡೂ ಬದಿ ಬಲ್ಲವರು ಬೇಕು ಎನ್ನುವುದು ಇದಕ್ಕೇ.

ಸುರಕ್ಷತೆಯ ಗೆರೆ ದಾಟಬಾರದು

ಬೇರೆ ಕಾರ್ಖಾನೆಗೂ ಆಹಾರದ ಕಾರ್ಖಾನೆಗೂ ಒಂದು ವ್ಯತ್ಯಾಸವಿದೆ. ಮೊಳೆ ಸೊಟ್ಟಗಾದರೆ ಎಸೆಯಬಹುದು. ಹಾಲು ಕೆಟ್ಟರೆ ಮಗುವಿನ ಹೊಟ್ಟೆಗೆ ಹೋಗುತ್ತದೆ. ಆದುದರಿಂದ ಖರ್ಚು ಉಳಿಸುವ ಉತ್ಸಾಹ ಸುರಕ್ಷತೆಯ ಗೆರೆಯನ್ನು ಮುಟ್ಟಬಾರದು. ಹಾಲನ್ನು 72 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ಸೆಕೆಂಡು ಹಿಡಿಯಬೇಕೆಂದಿದ್ದರೆ ಉರುವಲು ಉಳಿಸಲು ಅದನ್ನು ಇಳಿಸುವಂತಿಲ್ಲ. ಅಪಾಯ ಎಲ್ಲಿ ಹುಟ್ಟಬಹುದು ಎಂದು ಮೊದಲೇ ಗುರುತಿಸಿ, ಆ ಘಟ್ಟಗಳಲ್ಲಿ ಕಾವಲು ಹಾಕುವ ಹ್ಯಾಸಪ್ ಎಂಬ ಕ್ರಮ 1960ರ ದಶಕದಲ್ಲಿ ಅಮೆರಿಕದ ಗಗನಯಾತ್ರಿಗಳ ಆಹಾರಕ್ಕಾಗಿ ರೂಪುಗೊಂಡಿತು. ಪಿಲ್ಸ್‌ಬರಿ ಎಂಬ ಹಿಟ್ಟಿನ ಕಂಪನಿ ಇದರಲ್ಲಿ ನಾಸಾ ಸಂಸ್ಥೆಯೊಡನೆ ಕೆಲಸ ಮಾಡಿತ್ತು. ತಯಾರಾದ ಮೇಲೆ ಒಂದೊಂದನ್ನೂ ಒಡೆದು ಪರೀಕ್ಷಿಸುತ್ತ ಹೋದರೆ ತಿನ್ನಲು ಏನೂ ಉಳಿಯುವುದಿಲ್ಲ. ಆದ್ದರಿಂದ ತಯಾರಿಕೆಯ ದಾರಿಯನ್ನೇ ಕಾಯಬೇಕು ಎಂಬುದು ಅದರ ತಿರುಳು. ನಮ್ಮಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂದ ಮೇಲೆ ಈ ತಿಳಿವಳಿಕೆಗೆ ಬೇಡಿಕೆ ಬೆಳೆದಿದೆ. ಸುಧಾರಣೆಯ ಉದ್ಯೋಗಕ್ಕೆ ಹೋಗುವವರು ಮೊದಲು ಕಲಿಯಬೇಕಾದುದು ಇದನ್ನೇ.

ಈ ಉದ್ಯೋಗಕ್ಕೆ ಸಿದ್ಧತೆ ಹೇಗೆ?

ಇದಕ್ಕೆ ಒಂದೇ ಬಾಗಿಲಿಲ್ಲ. ಐ.ಟಿ.ಐ. ಮುಗಿಸಿ ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ಆಗಿ, ಅಪ್ರೆಂಟಿಸ್ ತರಬೇತಿಯ ಮೂಲಕ ಒಳಹೋಗುವವರಿದ್ದಾರೆ. ಡಿಪ್ಲೊಮಾ ಮುಗಿಸಿ ತಯಾರಿಕಾ ವಿಭಾಗಕ್ಕೆ ಸೇರುವವರಿದ್ದಾರೆ. ಪದವಿಯ ಆಸೆಯುಳ್ಳವರಿಗೆ ಬೆಂಗಳೂರು ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜು ಇದೆ. ಆಹಾರ ತಂತ್ರಜ್ಞಾನ ಕಲಿಸುವ ಇತರ ಕಾಲೇಜುಗಳೂ ಇವೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗವೂ, ಹಿಟ್ಟಿನ ಗಿರಣಿಯ ತಂತ್ರಜ್ಞಾನಕ್ಕೆಂದೇ ಒಂದು ಶಾಲೆಯೂ ಇವೆ. ಸಕ್ಕರೆಯ ವಿದ್ಯೆಗೆ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರ 2017ರಿಂದ ನಡೆಸುತ್ತಿರುವ ಫಾಸ್ಟ್ಯಾಕ್ ಎಂಬ ಕಿರು ತರಬೇತಿಯನ್ನೂ ಪಡೆಯಬಹುದು.

ಒಳಹೊಕ್ಕ ಮೇಲೆ ಏನು ಮಾಡಬೇಕು ಎಂಬುದು ಇನ್ನೂ ಮುಖ್ಯ. ಈ ಕೆಲವು ಮಾತುಗಳನ್ನು ನಿಮ್ಮ ಮಕ್ಕಳಿಗೆ ಓದಿ ಹೇಳಿ.

1. ಮೊದಲ ವರ್ಷ ಯಂತ್ರದ ಬಳಿಯೇ ನಿಲ್ಲಬೇಕು. ಕಚೇರಿಯ ವರ್ಗಾವಣೆಗೆ ಆತುರ ಬೇಡ. ನೆಲದ ಮೇಲೆ ನಡೆಯುವುದನ್ನು ಕಾಣದವನು ಸುಧಾರಿಸಲಾರ.

2. ಜೇಬಿನಲ್ಲಿ ಪುಸ್ತಕವಿರಲಿ. ಯಂತ್ರ ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ನಿಮಿಷ ನಿಂತಿತು, ಏಕೆ ನಿಂತಿತು ಎಂದು ಬರೆದಿಡಬೇಕು. ತಿಂಗಳ ಕೊನೆಗೆ ಕಾರಣಗಳನ್ನು ಎಣಿಸಿ ಸಾಲಾಗಿ ಇಟ್ಟರೆ, ಹೆಚ್ಚಿನ ನಷ್ಟ ಎರಡು ಮೂರು ಕಾರಣಗಳಿಂದಲೇ ಆಗುತ್ತಿರುವುದು ಸಾಮಾನ್ಯವಾಗಿ ಕಾಣುತ್ತದೆ. ಕೈ ಹಾಕಬೇಕಾದುದು ಅಲ್ಲಿಗೆ.

3. ಎಣಿಕೆಯ ಪಟ್ಟಿ, ಕಾರಣಗಳ ಮೀನಿನ ಮೂಳೆ ಚಿತ್ರ, ನಿಯಂತ್ರಣ ನಕ್ಷೆ ಮುಂತಾದ ಏಳು ಸರಳ ಸಾಧನಗಳಿವೆ. ಹತ್ತನೆಯ ತರಗತಿಯ ಗಣಿತ ಬಲ್ಲವರು ಇವನ್ನು ಕಲಿಯಬಹುದು. ದುಬಾರಿ ಕಂಪ್ಯೂಟರ್ ತಂತ್ರಾಂಶ ಆಮೇಲಿನ ಮಾತು.

4. ಹಳೆಯ ಕೆಲಸಗಾರರನ್ನು ಗುರುಗಳೆಂದು ತಿಳಿಯಬೇಕು. ಇಪ್ಪತ್ತು ವರ್ಷ ಬಾಯ್ಲರ್ ಕಾದವನ ಕಿವಿಗೆ ಕೇಳುವ ಶಬ್ದ ಮೀಟರಿಗೆ ಕೇಳುವುದಿಲ್ಲ. ಅವನ ಸಲಹೆಯಿಂದ ಲಾಭವಾದರೆ ವರದಿಯಲ್ಲಿ ಅವನ ಹೆಸರನ್ನೇ ಬರೆಯಬೇಕು.

5. ಮಾಡಿದ ಸುಧಾರಣೆಯನ್ನು ಲೆಕ್ಕ ಸಮೇತ ದಾಖಲಿಸಬೇಕು. ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಮೂರು ತಿಂಗಳ ಮೇಲೂ ಹಾಗೆಯೇ ಉಳಿಯಿತೇ ಎಂಬ ಮೂರು ಸಾಲು ಸಾಕು. ಮುಂದಿನ ಬಡ್ತಿಗೂ ಮತ್ತೊಂದು ಕಾರ್ಖಾನೆಯ ಸಂದರ್ಶನಕ್ಕೂ ಈ ಪುಸ್ತಕವೇ ಯೋಗ್ಯತಾಪತ್ರ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಿಕ್ಸ್ ಸಿಗ್ಮಾ ಎಂಬ ಪದ್ಧತಿ 1980ರ ದಶಕದಲ್ಲಿ ಅಮೆರಿಕದ ಮೋಟೊರೋಲಾ ಕಂಪನಿಯಲ್ಲಿ ಬೆಳೆಯಿತು. ಹಳದಿ, ಹಸಿರು, ಕಪ್ಪು ‘ಬೆಲ್ಟ್’ ಎಂಬ ಪ್ರಮಾಣಪತ್ರಗಳು ಅದರಲ್ಲಿವೆ. ವಿದ್ಯೆ ನಿಜವಾದುದು. ಆದರೆ ಪ್ರಮಾಣಪತ್ರ ಕೊಡಲು ಎಲ್ಲರೂ ಒಪ್ಪಿದ ಒಂದೇ ಪ್ರಾಧಿಕಾರವಿಲ್ಲ. ಎರಡು ದಿನ ಕೂರಿಸಿ ಸಾವಿರಾರು ರೂಪಾಯಿ ವಸೂಲು ಮಾಡುವವರೂ ಉಂಟು. ಸಾಲ ಮಾಡಿ ಬೆಲ್ಟ್ ಕೊಳ್ಳಬೇಡಿ. ಮೊದಲು ಕೆಲಸ, ಆಮೇಲೆ ಕಂಪನಿಯ ಖರ್ಚಿನಲ್ಲಿ ತರಬೇತಿ. ಇದೇ ಜಾಣತನ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಹಣ್ಣು ತರಕಾರಿಯ ಘಟಕಗಳಲ್ಲಿ ಆರಿಸುವ, ಹೆಚ್ಚುವ ಮೇಜಿನ ಮುಂದೆ ನಿಲ್ಲುವವರು ಹೆಚ್ಚಾಗಿ ಅವರೇ. ಕೊಳೆತುದನ್ನು ಕ್ಷಣದಲ್ಲಿ ಗುರುತಿಸುವ ಅವರ ಕಣ್ಣು ಗುಣಮಟ್ಟ ವಿಭಾಗಕ್ಕೆ ದೊಡ್ಡ ಆಸ್ತಿ. ಆದರೂ ಎಷ್ಟೋ ಕಡೆ ಅವರನ್ನು ಮೇಜಿನಿಂದ ಮುಂದೆ ಬಿಡುವುದಿಲ್ಲ. ಮನೆಯವರೂ ಮದುವೆಯ ತನಕದ ಸಂಬಳವೆಂದು ಸುಮ್ಮನಾಗುತ್ತಾರೆ. ಇದು ಇಬ್ಬರ ತಪ್ಪೂ ಹೌದು. ಪ್ರಯೋಗಾಲಯದ ತರಬೇತಿಗೆ ಮಗಳನ್ನೂ ಕಳಿಸಿ ಎಂದು ಒತ್ತಾಯದಿಂದ ಹೇಳಬೇಕಾಗಿದೆ.

ದಾರಿಯ ಮುಳ್ಳುಗಳು

ಎಲ್ಲವೂ ಸಲೀಸು ಎಂದು ಹೇಳುವುದು ಸುಳ್ಳಾದೀತು. ರಾತ್ರಿ ಪಾಳಿ ಇದೆ. ಶೀತಲ ಕೋಣೆಯ ಚಳಿ, ಬಾಯ್ಲರಿನ ಬೇಗೆ ಎರಡೂ ಇವೆ. ಇವಕ್ಕಿಂತ ದೊಡ್ಡ ಮುಳ್ಳು ಒಂದಿದೆ. ಸುಧಾರಣೆ ಎಂದರೆ ಆಳು ಕಡಿಮೆ ಮಾಡುವ ನೆಪ ಎಂದು ಕೆಲಸಗಾರರು ಅನುಮಾನಿಸುತ್ತಾರೆ. ಆ ಅನುಮಾನಕ್ಕೆ ಎಷ್ಟೋ ಬಾರಿ ಆಧಾರವೂ ಇರುತ್ತದೆ. ಹತ್ತು ಜನರ ಕೆಲಸವನ್ನು ಎಂಟು ಜನ ಮಾಡುವ ದಾರಿ ತೋರಿಸಿದವನಿಗೆ ಬಹುಮಾನ, ಉಳಿದ ಇಬ್ಬರಿಗೆ ಮನೆಯ ದಾರಿ ಎಂದಾದರೆ ಮರುದಿನದಿಂದ ಯಾರೂ ಬಾಯಿ ಬಿಡುವುದಿಲ್ಲ. ಗುತ್ತಿಗೆಯ ಮೇಲೆ ಬಂದವರ ಪಾಡು ಇನ್ನೂ ಕಷ್ಟ. ಯಂತ್ರದ ಬಳಿ ನಿಂತವರು ಅವರೇ, ಆದರೆ ಅವರ ಸಲಹೆ ಕೇಳುವವರಿಲ್ಲ. ಆರು ತಿಂಗಳಿಗೊಮ್ಮೆ ಆಳು ಬದಲಾದರೆ ಕಲಿತ ವಿದ್ಯೆಯೂ ಅವರೊಡನೆ ಗೇಟು ದಾಟುತ್ತದೆ.

ಜಪಾನೀಯರಿಗೂ ಈ ಕಷ್ಟ ಬಂದಿತ್ತು. ಟೊಯೋಟಾ ಕಂಪನಿಯಲ್ಲಿ 1950ರಲ್ಲಿ ಕೆಲಸಗಾರರನ್ನು ತೆಗೆಯುವ ವಿಷಯದಲ್ಲಿ ದೊಡ್ಡ ಮುಷ್ಕರವಾಗಿ, ಕೊನೆಗೆ ಅಧ್ಯಕ್ಷ ಕೀಚಿರೋ ಟೊಯೋಡಾ ಅವರೇ ರಾಜೀನಾಮೆ ಕೊಡಬೇಕಾಯಿತು. ಮುಂದೆ 1955ರಲ್ಲಿ ಸ್ಥಾಪನೆಯಾದ ಜಪಾನ್ ಉತ್ಪಾದಕತಾ ಕೇಂದ್ರ ಮೂರು ತತ್ತ್ವಗಳನ್ನು ಮುಂದಿಟ್ಟಿತು: ಉದ್ಯೋಗವನ್ನು ಕಾಪಾಡಬೇಕು, ಮಾಲೀಕರೂ ಕಾರ್ಮಿಕರೂ ಕೂಡಿ ಸಮಾಲೋಚಿಸಬೇಕು, ಬಂದ ಫಲವನ್ನು ನ್ಯಾಯವಾಗಿ ಹಂಚಬೇಕು. ಕೈಜನ್ ಎಂಬ ಪದವನ್ನು ಆಮದು ಮಾಡಿಕೊಂಡ ನಮ್ಮ ಕಾರ್ಖಾನೆಗಳು ಈ ಮೂರು ತತ್ತ್ವಗಳನ್ನು ಬಂದರಿನಲ್ಲೇ ಬಿಟ್ಟು ಬಂದರೆ ಫಲ ಸಿಗಲಾರದು. ಬೇರು ಬಿಟ್ಟು ಟೊಂಗೆ ನೆಟ್ಟರೆ ನಾಲ್ಕು ದಿನ ಹಸಿರಾಗಿರುತ್ತದೆ, ಅಷ್ಟೇ. ಫಲದ ಹಂಚಿಕೆಯಲ್ಲಿ ಕಚ್ಚಾ ಸರಕು ಬೆಳೆದ ರೈತನ ಪಾಲೂ ಸೇರಬೇಕು ಎಂಬುದನ್ನು ನಾವು ಈ ಮೂರರ ಜೊತೆಗೆ ಸೇರಿಸಿ ಕೇಳಬೇಕು. ಸಹಕಾರಿ ಸಂಸ್ಥೆಗಳಲ್ಲಿ ಇದನ್ನು ಕೇಳುವ ಹಕ್ಕು ಸದಸ್ಯರಾದ ನಿಮಗೇ ಇದೆ. ವಾರ್ಷಿಕ ಸಭೆಯಲ್ಲಿ ಬೋನಸ್ ಎಷ್ಟು ಎಂದು ಮಾತ್ರ ಕೇಳದೆ, ಈ ವರ್ಷ ಯಾವ ನಷ್ಟ ಎಷ್ಟು ತಗ್ಗಿತು ಎಂದೂ ಕೇಳಿ.

ಇನ್ನೊಂದು ಮುಳ್ಳು ಭಾಷೆಯದು. ಯಂತ್ರ ತೊಳೆಯುವ ಕ್ರಮ, ಶಾಖದ ಮಿತಿ, ಅಪಾಯದ ಸೂಚನೆ ಇವೆಲ್ಲ ಇಂಗ್ಲಿಷಿನಲ್ಲಿ ಬರೆದು ಗೋಡೆಗೆ ಅಂಟಿಸಿರುತ್ತಾರೆ. ಓದಬೇಕಾದವರಿಗೆ ಅದು ಅರ್ಥವಾಗುವುದಿಲ್ಲ. ಅರ್ಥವಾಗುವವರು ಆ ಗೋಡೆಯ ಬಳಿ ನಿಲ್ಲುವುದಿಲ್ಲ. ಕೆಲಸದ ನಿಯಮಗಳು ಕೆಲಸಗಾರನ ಭಾಷೆಯಲ್ಲಿ, ಚಿತ್ರ ಸಮೇತ ಇರತಕ್ಕದ್ದು. ಈ ಕನ್ನಡಿಸುವ ಕೆಲಸವನ್ನು ನಮ್ಮ ಮಕ್ಕಳಲ್ಲದೆ ಇನ್ನಾರು ಮಾಡಬೇಕು? ಕೈಪಿಡಿಯ ಇಂಗ್ಲಿಷನ್ನೂ ಊರಿನ ಕನ್ನಡವನ್ನೂ ಎರಡೂ ಬಲ್ಲವನು ಕಾರ್ಖಾನೆಗೆ ಅಪರೂಪದ ಮನುಷ್ಯ. ಆದ್ದರಿಂದ ಇಂಗ್ಲಿಷ್ ಕಲಿಯಲಿ, ಆದರೆ ಕನ್ನಡವನ್ನು ಮರೆಯುವುದಕ್ಕಾಗಿ ಅಲ್ಲ.

ಮನೆಯಿಂದಲೇ ಆರಂಭ

ಹಾಗಾದರೆ ತಂದೆ ತಾಯಿಗಳಾದ ನೀವು ಮಾಡಬೇಕಾದುದೇನು? ಹೊಲದ ಖರ್ಚು ವೆಚ್ಚದ ಪುಸ್ತಕವನ್ನು ಮಕ್ಕಳ ಕೈಗೆ ಕೊಡಿ. ಗೊಬ್ಬರ ಎಷ್ಟು ಹಾಕಿದೆವು, ಎಷ್ಟು ಬಂತು, ಕಳೆದ ವರ್ಷಕ್ಕೂ ಈ ವರ್ಷಕ್ಕೂ ಏನು ವ್ಯತ್ಯಾಸ ಎಂದು ಅವರಿಂದಲೇ ಬರೆಯಿಸಿ. ಒಂದು ತಾಕಿನಲ್ಲಿ ಅವರದೇ ಪ್ರಯೋಗ ನಡೆಯಲಿ; ಫಲ ಬಾರದಿದ್ದರೆ ಗದರಬೇಡಿ. ರಜೆಯಲ್ಲಿ ಹತ್ತಿರದ ಡೇರಿಯನ್ನೋ ಗಿರಣಿಯನ್ನೋ ಅನುಮತಿ ಪಡೆದು ತೋರಿಸಿ. ಕೆಲಸ ಸಿಕ್ಕಾಗ ಸಂಬಳದ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಲು ಹೇಳಿ: ಕೆಲಸಗಾರರ ಸಲಹೆಯನ್ನು ಇಲ್ಲಿ ಹೇಗೆ ಕೇಳುತ್ತಾರೆ? ತರಬೇತಿ ಯಾರ ಖರ್ಚು? ಕಳೆದ ವರ್ಷ ಯಂತ್ರದ ಬಳಿಯಿಂದ ಮೇಲೇರಿದವರು ಯಾರಾದರೂ ಇದ್ದಾರೆಯೇ? ಉತ್ತರ ತಡವರಿಸಿದರೆ ಆ ಕಾರ್ಖಾನೆಯನ್ನು ಅಳೆದಂತಾಯಿತು.

ಈ ವಿದ್ಯೆ ಕಲಿತವರು ಕಾರ್ಖಾನೆಯಲ್ಲೇ ಉಳಿಯಬೇಕೆಂದೇನೂ ಇಲ್ಲ. ಹತ್ತು ವರ್ಷದ ಅನುಭವ ಹೊತ್ತು ಊರಿಗೆ ಮರಳಿದರೆ ನಮ್ಮ ಆಲೆಮನೆಗಳಿಗೂ, ಎಣ್ಣೆ ಗಾಣಗಳಿಗೂ, ರೈತ ಉತ್ಪಾದಕ ಕಂಪನಿಗಳ ಚಿಕ್ಕ ಘಟಕಗಳಿಗೂ ಅದು ಬೇಕಾಗಿದೆ. ಹಸಿ ಸಿಪ್ಪೆ ಉರಿಸಿ ಹೊಗೆ ಕುಡಿಯುವ ಒಲೆ, ಕಣ್ಣಂದಾಜಿನ ಪಾಕ, ಬಣ್ಣಕ್ಕಾಗಿ ಹೈಡ್ರೋಸ್ ಸುರಿಯುವ ಚಟ, ಇವನ್ನು ತಿದ್ದಲು ಕೋಟಿ ಬಂಡವಾಳ ಬೇಕಿಲ್ಲ. ಒಂದು ಉಷ್ಣತಾಮಾಪಕ, ಒಂದು ತಕ್ಕಡಿ, ಒಂದು ಪುಸ್ತಕ ಮತ್ತು ಅಳೆಯುವ ಅಭ್ಯಾಸ ಸಾಕು.

ಭೂಮಿಯೊಡನೆ ಬಾಳುವವರಿಗೆ ಒಂದು ವಿಷಯ ಗೊತ್ತಿದೆ: ಒಂದೇ ಮಳೆಗೆ ಬೆಳೆ ಬರುವುದಿಲ್ಲ, ಒಂದೇ ವರ್ಷಕ್ಕೆ ನೆಲ ಹದವಾಗುವುದಿಲ್ಲ. ಅದೇ ತಾಳ್ಮೆಯನ್ನು ಬಂಡವಾಳ ಮಾಡಿಕೊಂಡು ನಿಮ್ಮ ಮಕ್ಕಳು ಕಾರ್ಖಾನೆಯ ಗೇಟು ದಾಟಲಿ. ಅಲ್ಲಿ ಅವರು ಬರೀ ಕೈಯಾಳುಗಳಾಗಿ ಅಲ್ಲ, ಅಳೆದು ನೋಡಿ ಸತ್ಯ ಹೇಳುವವರಾಗಿ ನಿಲ್ಲಲಿ. ನೀವು ಬೆವರು ಸುರಿಸಿ ಬೆಳೆದ ಕಾಳು ಚೆಲ್ಲಿ ಹಾಳಾಗದಂತೆ ಕಾಯಲು, ನಿಮ್ಮ ಮನೆಯವರಿಗಿಂತ ತಕ್ಕ ಕಾವಲುಗಾರರು ಇನ್ನಾರಿದ್ದಾರೆ?